ಗಟ್ಟಿ ಆಯಿಲ್ ಕೊಡಿ

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಎಂಜಿನ್ ಆಯಿಲ್ ಅಂಗಡಿ. ಯಾವ ಕಾರಿಗೆ ಯಾವ ಆಯಿಲ್ ಎಂದು ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಬರೆದಿರುತ್ತದೆ. ಅದೊಂದನ್ನು ಬಿಟ್ಟು ಊರಿನವರನ್ನೆಲ್ಲ ಕೇಳಿಕೊಂಡು ಜನ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಬೆಟ್ಟದ ಚಳಿ

ಗೌರಿಬಿದನೂರಿನ ಗುಮಾಸ್ತರೊಬ್ಬರಿಗೆ ಡಬ್ಬದ ಮೇಲಿನ ಐದು-ಮೂವತ್ತು ಥರದ ಜೋಡಿ ಅಂಕಿ ವಿವರಿಸಿದೆ. ಮೊದಲನೆಯದು ಚಳಿಯಲ್ಲಿ ಸ್ಟಾರ್ಟ್ ಆಗಲು, ಎರಡನೆಯದು ಎಂಜಿನ್ ಬಿಸಿಯಾದ ಮೇಲೆ. ನಮ್ಮ ಸೀಮೆಗೆ ವರ್ಷವಿಡೀ ಒಂದೇ ಆಯಿಲ್ ಸಾಕು ಎಂದೆ.

"ಭಾನುವಾರ ನಂದಿಬೆಟ್ಟಕ್ಕೆ ಹೋಗ್ತಿದೀವಿ ಕಣಮ್ಮ. ಅಲ್ಲಿ ಸಿಕ್ಕಾಪಟ್ಟೆ ಚಳಿ."

"ಅದಕ್ಕೂ ಇದೇ ಸಾಕು ಸಾರ್."

ಅವರಿಗೆ ಬೇಜಾರಾಯಿತು. "ಮಕ್ಕಳಿಗೆಲ್ಲ ಸ್ವೆಟರ್ ತಗೊಂಡಿದೀವಿ. ಕಾರಿಗೆ ಏನೂ ಬೇಡ್ವಾ?"

ಸರಾಸರಿ

ಚಿಂತಾಮಣಿಯ ಗಣಿತದ ಮೇಷ್ಟ್ರ ಕಾರಿಗೆ ಬೇಕಾದದ್ದು ಐದು-ಮೂವತ್ತು. ಮನೆಯಲ್ಲಿ ಅಣ್ಣನ ಕಾರಿಗೆ ತಂದು ಉಳಿದ ಸೊನ್ನೆ-ಇಪ್ಪತ್ತು, ಭಾವಮೈದುನನ ಹತ್ತು-ನಲವತ್ತು ಇದ್ದವು.

"ಎರಡೂ ಸಮಸಮ ಬೆರೆಸಿದ್ರೆ ಸರಾಸರಿ ಐದು-ಮೂವತ್ತೇ ಬರುತ್ತಲ್ಲಮ್ಮ!"

"ಫೇಲಾದ ಹುಡುಗನಿಗೆ ಪಕ್ಕದವನ ಮಾರ್ಕ್ಸ್ ಸೇರಿಸಿ, ಸರಾಸರಿ ತೆಗೆದು ಪಾಸ್ ಮಾಡ್ತೀರಾ ಮೇಷ್ಟ್ರೇ?"

ಅವರು ನಿಟ್ಟುಸಿರು ಬಿಟ್ಟರು. "ನಮ್ಮ ಸ್ಕೂಲಿನ ರಿಸಲ್ಟ್ ನೋಡಿದ್ರೆ ಇನ್ಮೇಲೆ ಅದೇ ಗತಿ."

ಡೈರಿಯವರ ಪರೀಕ್ಷೆ

ಮೇಲೂರಿನ ಹಿರಿಯರೊಬ್ಬರು ಹಾಲಿನ ಡೈರಿಯಲ್ಲೇ ಆಯುಷ್ಯ ಸವೆಸಿದವರು. ತೆಳ್ಳಗಿದ್ದದ್ದೆಲ್ಲ ಅವರ ಕಣ್ಣಿಗೆ ಮೋಸವೇ. ಅವರ ಹೊಸ ಕಾರಿಗೆ ತೀರಾ ತೆಳ್ಳಗಿನ ಸೊನ್ನೆ-ಇಪ್ಪತ್ತೇ ಆಗಬೇಕು. ಡಬ್ಬ ತೆರೆದು, ಬೆರಳಲ್ಲಿ ತಿಕ್ಕಿ, "ನೀರು ಬೆರೆಸಿದೀರಮ್ಮ" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕಿವಿ ನಿಮಿರಿಸಿಕೊಂಡು ನಿಂತಿದ್ದರು. ಆಯಿಲ್ ವ್ಯಾಪಾರದಲ್ಲಿ ಕಲಬೆರಕೆ ಎಂಬ ಮಾತು ಹೊರಗೆ ಬಿತ್ತೆಂದರೆ ಷಟರ್ ಎಳೆದುಕೊಂಡ ಹಾಗೆಯೇ.

"ಪರೀಕ್ಷೆ ಮಾಡಿ!" ಎಂದೆ.

ಅವರು ಚೀಲದಿಂದ ಲ್ಯಾಕ್ಟೋಮೀಟರ್ ತೆಗೆದರು. ಹಾಲಿಗೆ ನೀರು ಹೆಚ್ಚಿದಷ್ಟೂ ಆಳಕ್ಕಿಳಿಯುವ ಗಾಜಿನ ಕೊಳವೆ ಅದು. ಪಾತ್ರೆಗೆ ಸುರಿದ ಆಯಿಲ್‌ನಲ್ಲಿ ಬಿಟ್ಟರೆ ಸೀದಾ ತಳ ಸೇರಿತು. ಹಟಕ್ಕೆ ಅಂಗಡಿಯಲ್ಲಿದ್ದ ಅತಿ ಗಟ್ಟಿ ಆಯಿಲ್ ತೆರೆದೆ. ಅದರಲ್ಲೂ ನಿಧಾನಕ್ಕೆ, ಗಾಂಭೀರ್ಯದಿಂದ, ಮುಳುಗಿತು.

"ನೀರು ಅಂದ್ರೆ ಹೇಗಿರುತ್ತೆ ಅಂತ ತೋರಿಸ್ತೀನಿ ತಾಳಿ" ಎಂದು ಕುಡಿಯುವ ನೀರನ್ನೇ ಚೊಂಬಿಗೆ ಸುರಿದು, ಕೊಳವೆಯನ್ನು ಒರೆಸಿ ಬಿಟ್ಟೆ. ಆ ದರಿದ್ರದ್ದು ಆರಾಮಾಗಿ ತೇಲಿತು.

ಗಿರಾಕಿಗಳಿಬ್ಬರೂ ತಮ್ಮ ಡಬ್ಬಗಳನ್ನು ಮೆಲ್ಲಗೆ ಕೆಳಗಿಟ್ಟರು. ಹಿರಿಯರು ಚೊಂಬನ್ನೂ ಆಯಿಲನ್ನೂ ಬಹಳ ಹೊತ್ತು ನೋಡಿ, ಮರುಕದಿಂದ ಹೇಳಿದರು:

"ತಪ್ಪು ತಿಳ್ಕೊಂಡೆ ಕಣಮ್ಮ, ನೀವು ನೀರು ಬೆರೆಸಿಲ್ಲ. ಬೆರೆಸಿದ್ರೆ ಇನ್ನೂ ಗಟ್ಟಿಯಾಗಿರ್ತಿತ್ತು."