ಟವಲ್ಲು ಹುಡುಕುವ ಪರೀಕ್ಷೆ

ಕಳೆದ ಭಾನುವಾರ ನಾನೊಂದು ಪರೀಕ್ಷೆಯಲ್ಲಿ ಪಾಸಾದೆ. ನನ್ನ ಈಗಿನ ಕಷ್ಟಕ್ಕೆಲ್ಲ ಅದೇ ಕಾರಣ. ಫೇಲಾಗಿದ್ದರೆ ಇಷ್ಟು ಹೊತ್ತಿಗೆ ಬಿಸಿ ಮುದ್ದೆ ಉಂಡು ಹಾಯಾಗಿರುತ್ತಿದ್ದೆ.

ತಪ್ಪು ನನ್ನದೇ. ನನ್ನ ಮಗಳು ಧನುಶ್ರೀ ಇಲ್ಲೇ ನಂಜನಗೂಡಿನಲ್ಲಿ ಏಳನೇ ಕ್ಲಾಸು. ಅವಳ ಶಾಲೆಯ ಪೋಷಕರ ಸಭೆಯಲ್ಲಿ ಮೇಡಂ ಒಬ್ಬರು, "ಮುಂದೆ ಬರೀ ಮಾರ್ಕ್ಸ್ ಸಾಲದು, ಮಕ್ಕಳಿಗೆ ಉದ್ಯಮಶೀಲತೆ ಬೇಕು, ಜೀವನ ಕೌಶಲ ಬೇಕು. ಈ ರಜೆಯಲ್ಲಿ ಪ್ರತಿ ಮಗುವೂ ಒಂದು ಸಣ್ಣ ಉದ್ಯಮ ಮಾಡಲಿ" ಎಂದರು. ಹಿಂದಿನ ಬೆಂಚಿನಿಂದ ಎದ್ದು, "ನಮ್ಮ ಮಗುವಿನ ಜವಾಬ್ದಾರಿ ನನ್ನದು!" ಎಂದು ಘೋಷಿಸಿದೆ. (ಇಪ್ಪತ್ತು ವರ್ಷದ ಕಚೇರಿ ಗುಮಾಸ್ತಗಿರಿಯಲ್ಲಿ 'ಜವಾಬ್ದಾರಿ ನನ್ನದು' ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.)

ಸಂಜೆ ಕುರ್ಚಿಯಲ್ಲಿ ವಿರಾಜಮಾನನಾಗಿ ಉಪದೇಶ ಶುರುಮಾಡಿದೆ.

"ನೋಡು ಮಗಳೇ, ಉದ್ಯಮ ಅಂದ್ರೆ ಸಾಮಾನು ಮಾರೋದಲ್ಲ. ಜನಕ್ಕೆ ಏನು ಕಷ್ಟ ಅಂತ ಮನೆಮನೆಗೂ ಹೋಗಿ ಕೇಳು. ಆ ಕಷ್ಟ ತೀರಿಸು. ಅಷ್ಟೇ. ಯಶೋಧರಾ, ಕಾಫಿ!"

ಹೆಂಡತಿಯ ಕೈಯಲ್ಲಿ ಕಾಫಿ ಬಂತು. "ಸಕ್ಕರೆ ಕಮ್ಮಿ" ಎಂದೆ. ಸಕ್ಕರೆಯೂ ಬಂತು. ಮಗಳು ಇದನ್ನೂ ಯಾಕೆ ಬರೆದುಕೊಳ್ಳುತ್ತಿದ್ದಾಳೆಂದು ಆಗ ಹೊಳೆಯಲಿಲ್ಲ.

ಎರಡು ದಿನ ಬೀದಿಯೆಲ್ಲ ಸುತ್ತಿ ಬಂದಳು. "ಎಲ್ಲರ ಮನೇಲೂ ಒಂದೇ ಕಷ್ಟ ಅಪ್ಪ."

"ಏನು, ನೀರಾ?"

"ಗಂಡ."

ಪಕ್ಕದ ಮನೆಯ ರಾಚಮ್ಮನ ಹೇಳಿಕೆಯನ್ನು ಅವಳು ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು: "ಅಯ್ಯೋ ಮಗ, ನೀರು ನಾಕು ದಿನಕ್ಕಾದ್ರೂ ಬತ್ತದೆ. ನಮ್ಮ ಯಜಮಾನ್ರು ಕುಡ್ದ ಲೋಟ ಎತ್ತಿಟ್ಟಿದ್ದ ನಾನು ಕಂಡೇ ಇಲ್ಲ ಕನವ್ವ."

ಹೀಗೆ ನಮ್ಮ ಮನೆಯಲ್ಲೇ 'ಗಂಡಂದಿರ ಜೀವನ ಕೌಶಲ ತರಬೇತಿ ಕೇಂದ್ರ' ಉದ್ಘಾಟನೆಯಾಯಿತು. ನಾಲ್ಕು ಭಾನುವಾರದ ಕೋರ್ಸು. ನಾನು ಗೌರವ ಸಲಹೆಗಾರನಾಗಲು ಒಪ್ಪಿದೆ.

"ಇಲ್ಲಪ್ಪ, ನೀನು ಸ್ಟೂಡೆಂಟು. ಅಮ್ಮ ಆಗ್ಲೇ ಫೀಸ್ ಕಟ್ಟಿಬಿಟ್ಳು" ಎಂದಳು ಮಗಳು.

ಅನ್ನ, ಸಾರು, ಮುದ್ದೆ, ಕೊನೆಗೆ ಸ್ನಾನಕ್ಕೆ ಮುಂಚೆ ಬೀರುವಿನಿಂದ ತನ್ನ ಟವಲ್ಲನ್ನು ತಾನೇ ತೆಗೆದುಕೊಳ್ಳುವುದು: ಇಷ್ಟು ಪಾಠ. ನನ್ನ ಸಹಪಾಠಿ ರಾಚಮ್ಮನ ಗಂಡ, ಗೂಡ್ಸ್ ಆಟೋ ಓಡಿಸುವ ಚಿಕ್ಕಮಾದು. ಎರಡನೇ ವಾರಕ್ಕೇ ಅವನ ಮುದ್ದೆ ಗುಂಡಗಾಯಿತು. ನನ್ನದನ್ನು ಲೋಟದಲ್ಲಿ ಬಡಿಸಬೇಕಾಯಿತು.

"ಬುಡಿ ಸಾ, ಪೆನ್ನು ಇಡ್ದ ಕೈಗೆ ಮುದ್ದೆ ಬರಾಕಿಲ್ಲ" ಎಂದ.

ಆ ಮಾತು ನನ್ನನ್ನು ಚುಚ್ಚಿತು. ಅವನಿಗೆ ಸೋಲಬಾರದೆಂದು ದಿನಾ ಆರು ಗಂಟೆಗೇ ಎದ್ದು ರಾಗಿಹಿಟ್ಟಿನೊಂದಿಗೆ ಗುದ್ದಾಡಿದೆ. ಪರೀಕ್ಷೆಯಲ್ಲಿ ಅವನಿಗೆ ತೊಂಬತ್ತೊಂದು, ನನಗೆ ಎಂಬತ್ತೆರಡು. ಮಗಳು ಕೊಟ್ಟ ಪ್ರಮಾಣಪತ್ರದಲ್ಲಿ, "ಶ್ರೀ ನಟರಾಜ್ ಅವರು ಯಾರ ನೆರವೂ ಇಲ್ಲದೆ ಎಂಟು ದಿನ ಬದುಕಬಲ್ಲರು" ಎಂದಿತ್ತು. ಎಂಟು ದಿನ ಎಂಬುದನ್ನು ನಾನು ಅಲಂಕಾರ ಎಂದುಕೊಂಡೆ. ಯಶೋಧರಾ ಅದನ್ನು ಎರಡು ಸಲ ಓದಿ, ಸೆರಗಿನಿಂದ ಒರೆಸಿ, ಹಾಲಿನಲ್ಲಿ ಬುದ್ಧನ ಫೋಟೋ ಪಕ್ಕದಲ್ಲಿ ತೂಗುಹಾಕಿದಳು.

ಸೋಮವಾರ ಬೆಳಗ್ಗೆ ನೋಡಿದರೆ ಬಾಗಿಲಲ್ಲಿ ಬ್ಯಾಗು.

"ಎಲ್ಲಿಗೆ?"

"ಮೂಗೂರಿಗೆ. ಅವ್ವನ ಮನೆಗೆ. ಎಂಟು ದಿನ."

"ಮತ್ತೆ ನನ್ನ ಊಟ?"

ಅವಳು ಗೋಡೆಯ ಕಡೆ ಬೆರಳು ತೋರಿಸಿದಳು. ಆಮೇಲೆ ಮೆಲ್ಲಗೆ, "ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು ಕಣ್ರೀ. ಬೆಳಗ್ಗೆ ಹೋಗೋದು, ಸಂಜೆ ಬಸ್ಸಿಗೆ ಓಡಿಬರೋದು. ನಿಮಗೆ ಅನ್ನಕ್ಕಿಡೋರು ಯಾರು ಅಂತ ಒಂದು ರಾತ್ರೀನೂ ಅವ್ವನ ಪಕ್ಕ ಮಲಗಿಲ್ಲ ನಾನು" ಎಂದಳು.

ಎಂಥ ಅರ್ಜಿಗೂ ಒಂದು ಆಕ್ಷೇಪಣೆ ಬರೆದು ವಾಪಸ್ ಕಳಿಸುವವನು ನಾನು. ಇದನ್ನು ಮಾತ್ರ ಅಲ್ಲೇ ಮಂಜೂರು ಮಾಡಿದೆ. ನಿಜಕ್ಕೂ ನಾಚಿಕೆಯಾಯಿತು. (ಹಸಿವಾದದ್ದು ಆಮೇಲೆ.)

"ಗಿರಾಕಿ ಕಷ್ಟ ತೀರಿಸು ಅಂತ ನೀನೇ ಹೇಳಿದ್ದಲ್ವಾಪ್ಪ? ನನ್ನ ಮೊದಲನೇ ಗಿರಾಕಿ ಅಮ್ಮ" ಎಂದು ಮಗಳೂ ಬ್ಯಾಗು ಹೆಗಲಿಗೇರಿಸಿದಳು. ಇಬ್ಬರನ್ನೂ ಮೂಗೂರಿನ ದಾರಿಯ ಟಿ. ನರಸೀಪುರದ ಬಸ್ಸು ಹತ್ತಿಸಿ ಬರುವಾಗ, ರಾಚಮ್ಮ ಚೀಲ ಹಿಡಿದು ಕವಲಂದೆಯ ತಂಗಿ ಮನೆಗೆ ಹೊರಟಿದ್ದು ಕಂಡಿತು. ಯಶೋಧರಾಳ ಮುಖದಲ್ಲಿದ್ದ ಬಿಡುಗಡೆಯ ಕಳೆಯೇ ಅವರ ಮುಖದಲ್ಲೂ.

ಇವತ್ತು ಮೂರನೇ ದಿನ. ಸ್ನಾನ ಮುಗಿಸಿ, ಅಭ್ಯಾಸಬಲದಿಂದ ಬಚ್ಚಲಿನಲ್ಲೇ ನಿಂತು ಕೂಗಿದೆ: "ಯಶೋಧರಾ, ಟವಲ್ಲು!"

ತರಲು ಮನೆಯಲ್ಲಿ ಯಾರಿದ್ದಾರೆ? ಸ್ವಲ್ಪ ಹೊತ್ತಿಗೆ ಗೋಡೆಯಾಚೆ, ಪಕ್ಕದ ಮನೆಯ ಬಚ್ಚಲಿನಿಂದ ಚಿಕ್ಕಮಾದುವಿನ ದನಿ ಬಂತು.

"ಬೀರು, ಎರಡ್ನೇ ಖಾನೆ ಸಾ!"

ಎಷ್ಟಾದರೂ ತೊಂಬತ್ತೊಂದು ಮಾರ್ಕಿನವನು. "ಥ್ಯಾಂಕ್ಸ್ ಚಿಕ್ಕಮಾದು, ನೀನು ಬಿಡಪ್ಪ, ನಿನ್ನ ಟವಲ್ಲು ತಗೊಂಡೇ ಸ್ನಾನಕ್ಕೆ ಹೋಗಿರ್ತೀಯ" ಎಂದೆ.

ಆ ಕಡೆಯಿಂದ ಮೊದಲು ಒಂದು ಸೀನು ಬಂತು.

"ಎಲ್ಲಿ ಸಾ... ನಾನು ಕಲ್ತಿದ್ದು ನಿಮ್ಮನೆ ಬೀರೂಲಿ. ನಮ್ಮನೇಲಿ ಎಲ್ಲಿಟ್ಟವ್ಳೋ ಗೊತ್ತಿಲ್ಲ. ಆಗ್ಲಿಂದ ನೆಂದ್ಕಂಡೇ ನಿಂತಿವ್ನಿ."