ವಿಮಾನಕ್ಕೊಂದು ಟ್ಯಾಬ್ ಕೊಡ್ರಿ

ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡು ಕುಳಿತರೆ ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಗೆಪ್ರಸಂಗಗಳು ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ಹೊಸ ಫೋನು ಒಯ್ದು ಮರುದಿನ ಬಂದು, "ಇದರಾಗ ನಮ್ಮ ಬೀಗರ ನಂಬರ್ ಯಾಕಿಲ್ರಿ?" ಎಂದು ಜಗಳ ತೆಗೆದವರಿದ್ದಾರೆ. ನೀರು ಬಿದ್ದರೂ ಈ ಫೋನಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳಿದ್ದೇ ತಡ, ನನ್ನ ಕುಡಿಯುವ ನೀರಿನ ಕೊಡದಲ್ಲೇ ಅದನ್ನು ಮುಳುಗಿಸಿ ನೋಡಿದವರಿದ್ದಾರೆ. ಆದರೆ ಒಬ್ಬರೇ ಗಿರಾಕಿ, ಒಂದೇ ಟ್ಯಾಬ್, ಹದಿನೈದು ದಿನ ನನ್ನನ್ನು ನಾಲ್ಕು ಊರು ಸುತ್ತಿಸಿದ್ದು ಮಾತ್ರ ಅದೊಂದೇ ಸಲ.

ಕೊಡೆ ಹಿಡಿದ ಪೈಲಟ್

ಆ ಗಿರಾಕಿ ಗೌಡರು, ಹಂಸಭಾವಿ ಕಡೆಯವರು. ಗೋವಿನಜೋಳ, ಹತ್ತಿಬೀಜ ಬೆಳೆಯುವವರು. ಅವರ ಮನೆಯ ಫೋನುಗಳೆಲ್ಲ ನನ್ನ ಅಂಗಡಿಯವೇ. ಒಂದು ದಿನ ಮಗಳನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತರು.

"ಸಾವಕಾರ್ರ, ವಿಮಾನದಾಗ ಇಟ್ಕೊಳ್ಳಾಕ ಒಂದು ಟ್ಯಾಬ್ ಬೇಕಾಗೇತಿ."

"ಎಲ್ಲಿಗಿ ಹೊಂಟೀರಿ ಗೌಡ್ರ? ದಾರ್ಯಾಗ ಸಿನಿಮಾ ನೋಡಾಕೇನು?"

"ನಾ ಎಲ್ಲಿಗೂ ಹೊಂಟಿಲ್ಲ. ಈಕಿ ನಡಸಾಕಿ."

"ಏನ್ ನಡಸಾಕಿ?"

"ವಿಮಾನ."

ಆಗ ನಾನು ಆ ಹುಡುಗಿಯನ್ನು ಸರಿಯಾಗಿ ನೋಡಿದೆ. ಪೈಲಟ್ ಶಾಲೆ ಸೇರಿದ್ದಾಳೆ, ಹದಿನೈದು ದಿನ ರಜೆ ಮೇಲೆ ಬಂದಿದ್ದಾಳೆ. ಕಲಿಯುವುದು ಇಬ್ಬರೇ ಕೂರುವ ಸಣ್ಣ ವಿಮಾನದಲ್ಲಿ. ತಿರುಗಿ ಹೋದ ಮೇಲೆ ಅವರ ಗುರುಗಳು ಪಕ್ಕದಲ್ಲಿ ಕುಳಿತು ಪರೀಕ್ಷೆ ಮಾಡುತ್ತಾರಂತೆ. ಅದರಲ್ಲಿ ಪಾಸಾದರೆ ಒಬ್ಬಳನ್ನೇ ದೂರದ ಊರಿಗೆ ಹಾರಲು ಬಿಡುತ್ತಾರಂತೆ. ನಕಾಶೆ, ಹವಾಮಾನ, ಇಳಿಯುವ ಜಾಗದ ವಿವರ ಎಲ್ಲಾ ನೋಡಿಕೊಳ್ಳಲು ಟ್ಯಾಬ್ ಬೇಕು.

ನಾನು ಬಹಳ ಅನುಭವಸ್ಥನ ದನಿಯಲ್ಲಿ, "ಯಾವುದಾದ್ರೂ ನಡೀತೈತವಾ. ಫ್ಲೈಟ್ ಮೋಡ್ ಎಲ್ಲಾದ್ರಾಗೂ ಇರ್ತೈತಿ" ಅಂದೆ. ಒಳ್ಳೆಯ ಮನೆತನದ ಹುಡುಗಿ, ನಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಚಾರ್ಜರ್‌ಗಳನ್ನು ಸ್ವಲ್ಪ ಹೊತ್ತು ನೋಡಿದಳು.

ನಾನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಟ್ಯಾಬ್ ತೆಗೆದಿಟ್ಟೆ. ಗೌಡರಿಗೆ ಅದೇ ಹಿಡಿಸಿತು. "ದೊಡ್ಡದಿದ್ರ ಊರು ದೊಡ್ಡದ ಕಾಣ್ತಾವ" ಅಂದರು. ಹುಡುಗಿ ಒಪ್ಪಲಿಲ್ಲ. "ಅಪ್ಪಾ, ಇದನ್ನ ತೊಡಿ ಮ್ಯಾಲ ಕಟಗೋಬೇಕು. ಕಾಲ ನಡುವ ವಿಮಾನದ ಕೋಲು ಇರ್ತೈತಿ, ಅದನ್ನ ಹಿಂದಕ್ಕ ಎಳದ್ರ ವಿಮಾನ ಏರ್ತೈತಿ. ಇಷ್ಟ ದೊಡ್ಡದಿದ್ರ ಕೋಲು ಇದಕ್ಕ ಬಡೀತೈತಿ."

ಗೌಡರು ನಂಬಲಿಲ್ಲ. ಹುಡುಗಿ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ತೊಡೆಯ ಮೇಲೆ ಟ್ಯಾಬ್ ಇಟ್ಟು, ಕಾಲ ನಡುವೆ ಅವರದೇ ಕೊಡೆ ನಿಲ್ಲಿಸಿದಳು. "ಈಗ ಏರ್ಸು."

ಗೌಡರು ಕೊಡೆ ಎಳೆದರು. ಅದು ಟ್ಯಾಬಿನ ಅಂಚಿಗೆ ಬಡಿದು ನಿಂತಿತು. ಗೌಡರು ದೋತ್ರ ಸರಿಮಾಡಿಕೊಂಡು ಮತ್ತೊಮ್ಮೆ ಜೋರಾಗಿ ಎಳೆದರು. ಟ್ಯಾಬ್ ಜಾರಿತು, ನಾನು ಹೌಹಾರಿ ಹಿಡಿದುಕೊಂಡೆ. ಆಮೇಲೆ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ ಸಣ್ಣ ಟ್ಯಾಬ್ ಇಟ್ಟು ನೋಡಿದೆವು. ಕೊಡೆ ಟ್ಯಾಬಿಗೆ ತಾಗದೆ ಸಲೀಸಾಗಿ ಹಿಂದಕ್ಕೆ ಬಂದು ಗೌಡರ ಹೊಟ್ಟೆಗೆ ತಾಗಿ ನಿಂತಿತು. ಏನು ಮಾಡಿದರೂ ಅಲ್ಲಿಂದ ಹಿಂದಕ್ಕೆ ಹೋಗಲೊಲ್ಲದು.

ಹುಡುಗಿ ಹೇಳಿದಳು: "ಕಾಕಾ, ಟ್ಯಾಬ್ ಬರೊಬ್ಬರಿ ಐತ್ರಿ. ಪೈಲಟ್ ಬದಲಿ ಆಗಬೇಕು."

ಮಾಳಿಗೆ ಮೇಲಿನ ಒಣಗಲು

ಅಳತೆ ಗೊತ್ತಾಯಿತು. ಆ ಅಳತೆಯವು ನನ್ನಲ್ಲಿ ಮೂರು ಬೇರೆ ಬೇರೆ ಟ್ಯಾಬ್ ಇದ್ದವು. ಹುಡುಗಿಯ ಮುಂದಿನ ಚಿಂತೆ ಬಿಸಿಲಿನದು. ಸಣ್ಣ ವಿಮಾನದಲ್ಲಿ ಮೇಲೂ ಗಾಜು, ಪಕ್ಕಕ್ಕೂ ಗಾಜು. ಬಿಸಿಲು ನೇರವಾಗಿ ತೊಡೆಯ ಮೇಲೆಯೇ ಬೀಳುತ್ತದಂತೆ. ಕೆಲವು ಟ್ಯಾಬ್‌ಗಳ ಪರದೆ ಬಿಸಿಲಿನಲ್ಲಿ ಕಾಣುವುದೇ ಇಲ್ಲ, ಕೆಲವು ಕಾಯ್ದು ಬಂದ್ ಆಗುತ್ತವೆ.

"ಅದಕ್ಕೇನಂತ, ಒಣಾ ಹಾಕಿ ನೋಡೂಣಂತ" ಅಂದೆ. ಮನೆ ಅಂಗಡಿಯ ಮೇಲೆಯೇ. ಮರುದಿನ ಹನ್ನೊಂದು ಗಂಟೆಗೆ ಮೂರೂ ಟ್ಯಾಬ್‌ಗಳಲ್ಲಿ ನಕಾಶೆ ಹಚ್ಚಿ ಮಾಳಿಗೆ ಮೇಲೆ ಇಟ್ಟುಬಂದೆ. ಅಲ್ಲಿ ನನ್ನ ಹೆಂಡತಿ ಹಳೆಯ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು. ಅದರ ಅಂಚಿಗೇ ಸಾಲಾಗಿ ಇಟ್ಟೆ. "ಕಾಗಿ ಬಂದ್ರ ಇವನ್ನೂ ಸ್ವಲ್ಪ ನೋಡ್ಕೊ" ಎಂದು ಹೇಳಿ ಕೆಳಗಿಳಿದೆ.

ತಾಸು ಬಿಟ್ಟು ಹುಡುಗಿ ಬಂದಳು. ಇಬ್ಬರೂ ಮೇಲೆ ಹತ್ತಿ ನೋಡಿದರೆ ಮೂರೂ ಟ್ಯಾಬ್ ಬೋರಲಾಗಿ ಮಲಗಿವೆ. "ಯಾರ ಇದನ್ನ ಡಬ್ಬ ಹಾಕಿದವರು?" ಎಂದು ಕೂಗಿದೆ.

ಹೆಂಡತಿ ಸಂಡಿಗೆಯಿಂದ ತಲೆ ಎತ್ತಲೂ ಇಲ್ಲ. "ಒಂದು ಬಾಜೂ ಚಂದಂಗ ಕಾಯ್ದಿದ್ವು. ಹೊಳ್ಳಿ ಹಾಕೇನಿ."

ಶಿಗ್ಗಾಂವ್ ಬಂದರೂ ಹಾನಗಲ್

ಇನ್ನೊಂದು ಸಲ ಮೂರನ್ನೂ ಬಿಸಿಲಿಗಿಟ್ಟು, ಈ ಬಾರಿ ನಾನೇ ಕೊಡೆ ಹಿಡಿದು ಪಕ್ಕದಲ್ಲಿ ಕುಳಿತು ಕಾಯ್ದೆ. ಎರಡು ಟ್ಯಾಬ್ ಬಿಸಿಲಿಗೆ ಸೋತವು, ಒಂದು ಗೆದ್ದಿತು. "ದಾರಿ ತಾನ ತೋರಸ್ತೈತೇನ್ರಿ ಕಾಕಾ? ಇಂಟರ್ನೆಟ್ ಇಲ್ದ?" ಎಂದು ಹುಡುಗಿ ಕೇಳಿದಳು. ನಾನು ಅಂಗಡಿಯಲ್ಲೇ ನಕಾಶೆ ತೆರೆದು ತೋರಿಸಿದೆ. ನೀಲಿ ಚುಕ್ಕೆ ಸರಿಯಾಗಿ ನನ್ನ ಅಂಗಡಿಯ ಮೇಲೆಯೇ ಕುಳಿತಿತ್ತು. "ನೋಡವಾ, ಒಂದು ಮೊಳ ಆಕಡೆ ಈಕಡೆ ಇಲ್ಲ!" ಅಂದೆ.

ತೊಡೆಗೆ ಕಟ್ಟುವ ಪಟ್ಟಿ ಹೊಲಿಸಲು ಸವಣೂರಿಗೆ ಹೋಗುವುದಿತ್ತು. ಗೌಡರಿಗೆ ಶಿಗ್ಗಾಂವಿಯಲ್ಲಿ ಏನೋ ಕೆಲಸ. ಮೂವರೂ ಅವರ ಜೀಪಿನಲ್ಲಿ ಹೊರಟೆವು. ಟ್ಯಾಬ್ ಗೌಡರ ಕೈಯಲ್ಲಿತ್ತು, ಜೀಪು ಮಗಳು ನಡೆಸುತ್ತಿದ್ದಳು. ಊರು ದಾಟಿತು, ಗದ್ದೆ ಬಯಲು ದಾಟಿತು, ಬಂಕಾಪುರ ದಾಟಿತು. ಗೌಡರು ಒಮ್ಮೆ ಟ್ಯಾಬ್ ನೋಡುವುದು, ಒಮ್ಮೆ ಹೊರಗೆ ನೋಡುವುದು. ಶಿಗ್ಗಾಂವಿಯ ಹೆದ್ದಾರಿ ಪಕ್ಕ ಚಹಾಕ್ಕೆ ನಿಂತಾಗ ಕೇಳಿದರು:

"ಸಾವಕಾರ್ರ, ನಾವೆಲ್ಲಾರೂ ಶಿಗ್ಗಾಂವಿಗೆ ಬಂದ್ವಿ. ಇದೊಂದ ಯಾಕ ಇನ್ನೂ ನಿಮ್ಮ ಅಂಗಡ್ಯಾಗ ಕುಂತೈತಿ?"

ನೋಡಿದೆ. ನೀಲಿ ಚುಕ್ಕೆ ಹಾನಗಲ್ಲಿನಲ್ಲಿ, ನನ್ನ ಅಂಗಡಿಯಲ್ಲಿ, ಕುಳಿತ ಜಾಗ ಬಿಟ್ಟು ಅಲ್ಲಾಡಿರಲಿಲ್ಲ. ಹುಡುಗಿ ಟ್ಯಾಬ್ ತಿರುವಿ ನೋಡಿ ಕಾರಣ ಹೇಳಿದಳು. ಸಿಮ್ ಹಾಕಲು ಬಾರದ ಟ್ಯಾಬ್ ಅದು. ಅಂಥವುಗಳಲ್ಲಿ ಬಹಳಷ್ಟಕ್ಕೆ ಉಪಗ್ರಹದಿಂದ ಜಾಗ ಹಿಡಿಯುವ ಯಂತ್ರವೇ ಇರುವುದಿಲ್ಲ, ಸುತ್ತಲಿನ ವೈಫೈ ನೋಡಿ ಅಂದಾಜು ಮಾಡುತ್ತವೆ. ಸಿಮ್ ಹಾಕುವ ಮಾದರಿಯೇ ಬೇಕು.

ಇಷ್ಟು ವರ್ಷ ಎಷ್ಟು ಜನಕ್ಕೆ ನಾನು "ಜಿಪಿಎಸ್ ಎಲ್ಲಾದ್ರಾಗೂ ಬರ್ತೈತಿ" ಅಂದಿದ್ದೆನೋ! ನಾಚಿಕೆಯಾಗಿ ಮೂವರ ಚಹಾದ ದುಡ್ಡೂ ನಾನೇ ಕೊಟ್ಟೆ. ಹುಡುಗಿಗೂ ಆತಂಕ. ರಜೆ ಆಗಲೇ ಅರ್ಧ ಮುಗಿದಿತ್ತು.

"ಹಂಗಲ್ರಿ ಕಾಕಾ, ಮ್ಯಾಲ ಹೋದ ಮ್ಯಾಲ ಇದು ಹಾನಗಲ್, ಹಾನಗಲ್ ಅಂತಿದ್ರ ನಾ ಎಲ್ಲಿ ಇಳೀಲಿ?"

ಗೌಡರು ಸಮಾಧಾನ ಮಾಡಿದರು. "ಹಾನಗಲ್‌ನ್ಯಾಗ ಇಳಿ. ಕಾಕಾನ ಅಂಗಡಿ ಐತಲ್ಲ."

ಸವಣೂರಿನ ಹೊಲಿಗೆ

ಹುಬ್ಬಳ್ಳಿಗೆ ಫೋನ್ ಮಾಡಿ ಅದೇ ಕಂಪನಿಯ, ಅದೇ ಅಳತೆಯ, ಸಿಮ್ ಹಾಕುವ ಟ್ಯಾಬ್ ತರಿಸಲು ಹೇಳಿದೆ. ಅಳತೆ ಒಂದೇ ಆದ್ದರಿಂದ ಪಟ್ಟಿ ಹೊಲಿಸಲು ಅಡ್ಡಿ ಇರಲಿಲ್ಲ. ಸವಣೂರಿಗೆ ಹೋದೆವು.

ಅಲ್ಲಿನ ಟೇಲರ್ ಚಾಚಾ ನನಗೆ ಹಳೆಯ ಪರಿಚಯ. ಮದುವೆ ಶೇರ್ವಾನಿ ಹೊಲಿಯುವುದರಲ್ಲಿ ಎತ್ತಿದ ಕೈ. ಟ್ಯಾಬನ್ನು ತಿರುವಿ ತಿರುವಿ ನೋಡಿ, ಟೇಪು ಹಿಡಿದು, ಮದುಮಗನನ್ನು ಅಳೆದಷ್ಟೇ ಶ್ರದ್ಧೆಯಿಂದ ನಾಲ್ಕೂ ಕಡೆ ಅಳತೆ ತೆಗೆದರು.

"ಯಾತಕ್ಕರೀ ಇದು?"

"ವಿಮಾನದಾಗ ತೊಡಿಗಿ ಕಟಗೊಳ್ಳಾಕ, ಚಾಚಾ" ಎಂದು ಹುಡುಗಿ ಹೇಳಿದಳು.

"ನಡಸಾವ್ರು ಯಾರು?"

"ನಾನರೀ."

ಚಾಚಾ ಕನ್ನಡಕ ಹಣೆಗೆ ಏರಿಸಿ ಅವಳನ್ನು ನೋಡಿದರು. "ಮಾಶಾಲ್ಲಾ" ಅಂದರು. ಕೈಯಲ್ಲಿದ್ದ ಬೇರೆಯವರ ಕೋಟು ಬದಿಗಿಟ್ಟು ಅಲ್ಲೇ ಶುರುಮಾಡಿದರು. ಎರಡು ತಾಸಿನಲ್ಲಿ ಕರಿ ದಪ್ಪ ಬಟ್ಟೆಯ ಚೀಲ, ಅದಕ್ಕೆ ಅಗಲವಾದ ಎಲಾಸ್ಟಿಕ್, ಚರ್ರೆಂದು ಕಿತ್ತು ಅಂಟಿಸುವ ಪಟ್ಟಿ, ಪೆನ್ನಿಗೊಂದು ಜೇಬು. ಬಹಳ ಚಂದ ಆಗಿತ್ತು. ಒಳಗೆ ನೋಡಿದರೆ ಮಾತ್ರ ಸುತ್ತಲೂ ಎರಡು ಬೆರಳಷ್ಟು ಬಟ್ಟೆ ಮಡಚಿ ಬಿಟ್ಟಿದ್ದರು.

"ಚಾಚಾ, ಇದೇನ್ರಿ? ಶಾಲಿ ಹುಡುಗರ ಚಡ್ಡಿಗೆ ಬಿಟ್ಟಂಗ ಬಿಟ್ಟೀರಲ್ಲ? ಇಕಿ ಇನ್ನ ಬೆಳ್ಯಾಂಗಿಲ್ರಿ" ಎಂದು ಗೌಡರು ನಕ್ಕರು.

ಚಾಚಾ ದಾರ ಹಲ್ಲಿನಲ್ಲಿ ಕಡಿದು ಹೇಳಿದರು: "ಬೇಟಿ ಬೆಳ್ಯಾಂಗಿಲ್ರಿ, ಕಂಪನಿಯವ್ರು ಬಿಡ್ತಾರೇನು? ವರ್ಷಾ ಟ್ಯಾಬ್ ಅರ್ಧಾ ಇಂಚು ದೊಡ್ಡದ ಮಾಡ್ತಾರ. ಬಿಚ್ಚಿ ಹೊಲಿದ್ರಾತು."

ಹಿರೇಕೆರೂರಿನ ಬಸ್ಸು

ಹೊಸ ಟ್ಯಾಬ್ ಬರುವ ಹೊತ್ತಿಗೆ ರಜೆಗೆ ಎರಡೇ ದಿನ ಉಳಿದಿತ್ತು. ಗೌಡರು ಹಿರೇಕೆರೂರಿನಲ್ಲಿದ್ದರು, ಅಲ್ಲಿಗೇ ತನ್ನಿ ಅಂದರು. ಶಿಗ್ಗಾಂವಿಯಲ್ಲಿ ಹೋದ ಮರ್ಯಾದೆ ಮರಳಿ ಪಡೆಯಬೇಕಲ್ಲ, ಹುಡುಗಿ ಹೇಳಿದ್ದ ವಿಮಾನದ ಆ್ಯಪ್ ಹಾಕಿಕೊಂಡು ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕುಳಿತೆ. ಬಸ್ಸು ಹೊರಟಿತು, ಚುಕ್ಕೆಯೂ ಹೊರಟಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಪಕ್ಕದಲ್ಲಿದ್ದ ಅಜ್ಜಿಗೂ ತೋರಿಸಿದೆ.

ಬಸ್ಸು ವೇಗ ಹಿಡಿಯುತ್ತಲೇ ಪರದೆ ಕೆಂಪಗಾಯಿತು. ಟ್ಯಾಬ್ ಇಂಗ್ಲಿಷಿನಲ್ಲಿ ಒದರಲು ಶುರುಮಾಡಿತು. ಒಂದು ಹೆಣ್ಣು ದನಿ, ಬಹಳ ಗಾಬರಿಯಲ್ಲಿ, ಮತ್ತೆ ಮತ್ತೆ ಅದೇ ಮಾತು. ದನಿ ಕಡಿಮೆ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕಂಡಕ್ಟರ್ ಓಡಿ ಬಂದ.

"ಏನ್ರಿ ಅದು? ಏನ್ ಅನ್ನಾಕತ್ತೈತಿ?"

"ಇದು ವಿಮಾನದ್ರಿ. ನಾವು ವಿಮಾನದಾಗ ಅದೀವಿ ಅಂತ ತಿಳ್ಕೊಂಡೈತಿ. ನೆಲ ಭಾಳ ಹತ್ರ ಬಂತು, ಲಗೂನ ಮ್ಯಾಲ ಏರ್ಸು ಅನ್ನಾಕತ್ತೈತಿ."

ಅಜ್ಜಿ ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದಳು. ಡ್ರೈವರ್ ಮಾತ್ರ ತಿರುಗಿಯೂ ನೋಡದೆ ಹೇಳಿದ: "ಸ್ವಲ್ಪ ತಡೀಬೇಕಂತ ಹೇಳ್ರಿ ಅದಕ್ಕ. ಮುಂದ ಹಂಪ್ ಐತಿ, ಅಲ್ಲಿ ಏರಸ್ತೇನಿ."

ಅವ್ವನ ಫೋನು

ಹುಡುಗಿ ಟ್ಯಾಬ್ ತೆಗೆದುಕೊಂಡು ಶಾಲೆಗೆ ಹೋದಳು. ಮುಂದಿನದು ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಅವಳ ಅವ್ವ ತಮ್ಮ ಫೋನಿಗೆ ಗಾಜು ಹಾಕಿಸಲು ಅಂಗಡಿಗೆ ಬಂದಾಗ. ಗೌಡರೂ ಜೊತೆಗಿದ್ದರು, ಆದರೆ ಮಾತೆಲ್ಲ ಅವ್ವನದೇ.

ವಾರದ ಹಿಂದೆ ಒಂದು ದಿನ ಮಗಳ ಪರೀಕ್ಷೆಯ ಹಾರಾಟ ಇತ್ತು. ಅದು ಅವ್ವನಿಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದವರಿಗೆ ಮಗಳು ಉಂಡಳೋ ಇಲ್ಲವೋ ಅನ್ನಿಸಿ ವಿಡಿಯೋ ಕಾಲ್ ಹಚ್ಚಿದರು. ಮಗಳ ಫೋನು ಬಂದ್ ಇತ್ತು. ಟ್ಯಾಬಿನ ಸಿಮ್ಮಿಗೆ ಹಚ್ಚಿದರು, ಹತ್ತಿತು.

ಮೇಲೆ ಆಕಾಶದಲ್ಲಿ ನಕಾಶೆ ಮಾಯವಾಗಿ ತೊಡೆಯ ಮೇಲೆ ಅವ್ವನ ಫೋಟೋ ಬಂತು. ಹುಡುಗಿ ಗಾಬರಿಯಲ್ಲಿ ಕೆಂಪು ಗುಂಡಿ ಒತ್ತಲು ಹೋಗಿ ಹಸಿರು ಒತ್ತಿದಳು. ಕಿವಿಗೆ ಹಾಕಿಕೊಂಡ ಹೆಡ್‌ಫೋನು ಟ್ಯಾಬಿಗೇ ಜೋಡಿಸಿತ್ತು. ಗುರುಗಳು ನಿವೃತ್ತ ಫೌಜಿ, ಗಿರಿಜಾ ಮೀಸೆ, ಕನ್ನಡ ಬಾರದವರು. ಅವರಿಗೆ ಅವ್ವನ ಮಾತು ಕೇಳಿಸುತ್ತಿರಲಿಲ್ಲ, ಆದರೆ ಪರದೆ ಚೆನ್ನಾಗಿ ಕಾಣುತ್ತಿತ್ತು.

"ಊಟಾತೇನ?" ಎಂದು ಅವ್ವ ಕೇಳಿದರು.

"ಯವ್ವಾ, ಫೋನ್ ಇಡು! ಆಮ್ಯಾಲ ಮಾಡ್ತೇನಿ!"

"ಆಮ್ಯಾಲ ಅಂದ್ರ ಯಾವಾಗ? ಎಷ್ಟೊತ್ತಾತು! ಬಾಜೂಕ ಯಾರು ಅವರು? ಅವರಾದ್ರೂ ಉಂಡಾರೇನು?"

ಹುಡುಗಿ ಕೋಲು ಬಿಟ್ಟು ಆ ಕೈಯಿಂದಲೇ ಕೆಂಪು ಗುಂಡಿ ಹುಡುಕತೊಡಗಿದಳು. ಗುರುಗಳು ಬಗ್ಗಿ ನೋಡಿದರು. ಯಾರೋ ಹಿರಿಯ ಹೆಣ್ಣುಮಗಳು ತಮ್ಮನ್ನೇ ನೋಡಿ ಮಾತಾಡುತ್ತಿದ್ದಾಳೆ. ಸಂಭಾವಿತ ಮನುಷ್ಯ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

"ನನಗ ಅವಾಗ ಕಂಡದ್ದು ಏನ್ರಿ?" ಎಂದು ಅವ್ವ ನನ್ನ ಕೌಂಟರಿನ ಮೇಲೆ ಅಂಗೈ ಬಡಿದರು. "ಕಿಡಕ್ಯಾಗ ಮೋಡ! ಇಕಿ ಕೈ ಟ್ಯಾಬಿನ ಮ್ಯಾಲ. ಅವರ ಕೈ ನೋಡಿದ್ರ ನನಗ ಮುಗಿಯಾಕತ್ತಾವ. ಚೀರಿಬಿಟ್ಟೆ ನೋಡ್ರಿ, ಯವ್ವಾ, ಸ್ಟೇರಿಂಗ ಯಾರು ಹಿಡದೀರಿ!"

ಹುಡುಗಿ ಬೆಚ್ಚಿ ಕೋಲು ಹಿಡಿದಳು. ಕಾಲ್ ಕಟ್ ಆಯಿತು. ಸರಿಯಾಗಿ ಹಾರುತ್ತಿರುವ ವಿಮಾನ ಒಂದೆರಡು ಕ್ಷಣ ಕೈ ಬಿಟ್ಟರೆ ಬಿದ್ದುಹೋಗುವುದಿಲ್ಲವಂತೆ, ನೆಟ್ಟಗೇ ಹೋಗುತ್ತಿರುತ್ತದಂತೆ. ಆದರೆ ಹಂಸಭಾವಿಯ ಹಿತ್ತಲಲ್ಲಿ ಅದು ಯಾರಿಗೆ ಗೊತ್ತು? ಮಗಳು ಇಳಿದು ತಿರುಗಿ ಫೋನ್ ಮಾಡುವ ತನಕ ಅವ್ವ ಮೆಂತ್ಯೆ ಸೊಪ್ಪು ಹಿಡಿದುಕೊಂಡು ಆಕಾಶ ನೋಡುತ್ತಲೇ ನಿಂತಿದ್ದರಂತೆ.

"ಮತ್ತ ಪರೀಕ್ಷೆ?" ಎಂದು ನಾನು ಕೇಳಿದೆ. ಎರಡು ತಿಂಗಳು ಆ ಟ್ಯಾಬ್ ನನ್ನ ತಲೆಯಲ್ಲೂ ಹಾರುತ್ತಿತ್ತಲ್ಲ.

"ಪಾಸ್!" ಎಂದು ಗೌಡರು ಹಿಗ್ಗಿದರು. "ಕೆಳಗ ಇಳದ ಮ್ಯಾಲ ಅವ್ವ ಏನಂದ್ರು ಅಂತ ಗುರುಗಳು ಕೇಳ್ಯಾರ. ಈಕಿ ಹಿಂದ್ಯಾಗ ಹೇಳ್ಯಾಳ. ಅವರು ಹೊಟ್ಟಿ ಹಿಡಕೊಂಡು ನಕ್ಕು, ನಿಮ್ಮವ್ವ ಕೇಳಿದ್ದು ಬರೊಬ್ಬರಿ ಐತಿ, ತಪ್ಪು ನಮ್ಮಿಬ್ಬರದು ಅಂದ್ರಂತ. ಸಿಮ್ ತಗಸಿ, ಅದಿಲ್ಲದನೂ ಟ್ಯಾಬ್ ದಾರಿ ತೋರಸ್ತೈತಿ ಅಂತ ನೋಡಿ ಸಹಿ ಹಾಕ್ಯಾರ. ನಾಡಿದ್ದು ಒಬ್ಬಾಕಿನ ಹಾರಾಕಿ."

"ಒಬ್ಬಾಕಿನ ಅಂದ್ರ ನಿಮಗ ಅಂಜಿಕಿ ಅನಸಂಗಿಲ್ಲೇನ್ರಿ ಅಕ್ಕಾರ?" ಎಂದು ನಾನು ಅವ್ವನನ್ನು ಕೇಳಿದೆ.

ಅವರು ಹೊಸ ಗಾಜು ಹಾಕಿದ ಫೋನನ್ನು ಸೆರಗಿನಿಂದ ಒರೆಸಿಕೊಂಡರು.

"ಒಬ್ಬಾಕಿನ ಹೋಗೂದ ಚಲೋರಿ. ಇಬ್ಬರಿದ್ರ ಅವರು ಹಿಡದಾರ ಅಂತ ಇಕಿ, ಇಕಿ ಹಿಡದಾಳ ಅಂತ ಅವರು. ಕಡೀಕ ಯಾರೂ ಹಿಡಿಯಂಗಿಲ್ಲ."