ಕೈಯಲ್ಲಿ ವಾಕಿಟಾಕಿ, ಊರಿಗೆಲ್ಲ ಗುಮಾನಿ

ನನ್ನ ಕೆಲಸ ಏನು ಅಂತ ಕೇಳಿದವರಿಗೆ ಬಿಡಿಸಿ ಹೇಳುವುದನ್ನೇ ಬಿಟ್ಟಿದ್ದೇನೆ. ಹೇಳಿದಷ್ಟೂ ಅನುಮಾನ ಜಾಸ್ತಿಯಾಗುತ್ತದೆ. ಊರು ನ್ಯಾಮತಿ. ಸ್ವಂತ ವಿಮಾನ, ಹೆಲಿಕಾಪ್ಟರ್ ಇಟ್ಟುಕೊಂಡವರು ಇಳಿಯುವ ಕಡೆ ನೆಲದ ಮೇಲೆ ನಿಂತು, ಅವರಿಗೆ ಬೇಕಾದ್ದನ್ನು ನೋಡಿಕೊಳ್ಳುವವನು ನಾನು. ಗಾಳಿ ಯಾವ ಕಡೆಯಿಂದ, ಕಾರು ಬಂತೇ, ಏಣಿ ಎಲ್ಲಿ ಅಂತ ಪೈಲಟ್ ಮೇಲಿನಿಂದ ಕೇಳುತ್ತಾರೆ, ನಾನು ಕೆಳಗಿನಿಂದ ವಾಕಿಟಾಕಿಯಲ್ಲಿ ಹೇಳುತ್ತೇನೆ. ಇಷ್ಟೇ.

ಹೊನ್ನಾಳಿಯ ಮಣ್ಣು

ಹೊನ್ನಾಳಿಯಾಚೆ ಬಯಲಲ್ಲಿ ಹೆಲಿಕಾಪ್ಟರಿಗೆ ಕಾಯುತ್ತಿದ್ದೆ. ಪೈಲಟ್ ಗಾಳಿ ಕೇಳಿದರು. ಒಂದು ಹಿಡಿ ಮಣ್ಣು ತೂರಿ ನೋಡಿ, ಪಶ್ಚಿಮದಿಂದ ಅಂತ ಹೇಳಿದೆ. ಪಕ್ಕದ ಗದ್ದೆಯ ಯಜಮಾನರೊಬ್ಬರು ನೋಡುತ್ತಲೇ ಇದ್ದರು. ಮಣ್ಣು ಪರೀಕ್ಷೆಗೆ ಬಂದಿರೇನು ಅಂತ ಕೇಳಿದರು. ಇಲ್ಲ, ಗಾಳಿ ನೋಡಿದೆ ಅಂದೆ.

"ಗಾಳಿ ನೋಡಾಕೆ ಮಣ್ಣು ಯಾಕ್ರೀ?" ಅಂದವರೇ ಸರಸರ ಹೋಗಿಬಿಟ್ಟರು.

ಹೆಲಿಕಾಪ್ಟರ್ ಇಳಿದು ಸದ್ದು ಅಡಗುವಷ್ಟರಲ್ಲಿ ಆರು ಜನ ಪಹಣಿ ಸಮೇತ ಹಾಜರು. ಪ್ರಾಣ ಹೋದರೂ ಸರ್ಕಾರಕ್ಕೆ ಜಮೀನು ಕೊಡುವುದಿಲ್ಲ ಅಂತ ಅರ್ಜಿ ಬರೆದೇ ತಂದಿದ್ದರು. ಪೈಲಟ್‌ಗೆ ಕನ್ನಡ ಬಾರದು. ತಮ್ಮ ಹಸ್ತಾಕ್ಷರ ಕೇಳುತ್ತಿದ್ದಾರೆ ಅಂದುಕೊಂಡು, ನಗುನಗುತ್ತಾ ಸಹಿ ಹಾಕಿಕೊಟ್ಟರು. ಸರ್ಕಾರ ಒಪ್ಪಿದ್ದಕ್ಕೆ ಸಾಕ್ಷಿ ಅಂತ ಯಜಮಾನರು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಾರೆ.

ಜಗಳೂರಿನ ಮಾವ

ಜಗಳೂರು ನನ್ನ ಹೆಂಡತಿಯ ತವರು. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ನನ್ನ ಬದಲಿಗೆ ನಿಂತವನಿಗೆ ಫೋನಿನಲ್ಲೇ ಕೆಲಸ ಹೇಳಬೇಕಾಯಿತು. ರೇಡಿಯೋದಲ್ಲಿ ಅಕ್ಷರ ತಪ್ಪಾಗಿ ಕೇಳಬಾರದು ಅಂತ ನಾವು ಎಚ್ ಅನ್ನುವುದಕ್ಕೆ ಹೋಟೆಲ್ ಅನ್ನುತ್ತೇವೆ, ಡಬ್ಲ್ಯೂಗೆ ವಿಸ್ಕಿ. ಅವತ್ತು ಬರುವ ವಿಮಾನದ ಹೆಸರಿನಲ್ಲಿ ಕೊನೆಗೆ ಇದ್ದದ್ದು ಅವೆರಡೇ.

"ಹೋಟೆಲ್ ವಿಸ್ಕಿ ಹನ್ನೊಂದಕ್ಕೆ ಬರ್ತೈತೆ. ಇಬ್ಬರು ಇರ್ತಾರೆ. ಹಿಂದಿನ ಗೇಟಿಂದ ಕಾರು ತಗೊಂಬಾ" ಅಂದೆ. ಮಾವನವರು ಜಗಲಿಯಲ್ಲೇ ಇದ್ದರು.

ಮಧ್ಯಾಹ್ನದ ಊಟಕ್ಕೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಸಂಜೆಗೆ ಹೆಂಡತಿಯಿಂದ ವಿಷಯ ತಿಳಿದು, ಎ ಇಂದ ಝೆಡ್‌ವರೆಗೆ ಎಲ್ಲ ಅಕ್ಷರದ ರೇಡಿಯೋ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಮಾವನವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಇಪ್ಪತ್ತಾರು ಅಕ್ಷರ ಅದಾವೆ, ಅಳಿಯಂದ್ರೇ. ನಿಮ್ಮ ಬಾಯಿಗೆ ಅವೆರಡೇ ಹೆಂಗೆ ಬಂದ್ವು?"

ಚನ್ನಗಿರಿಯ ಗುಂಡಿ

ಮೂರನೆಯದರಲ್ಲಿ ಅನುಮಾನ ಪಟ್ಟವನು ನಾನೇ.

ಚನ್ನಗಿರಿಗೆ ದಂಪತಿಗಳಿಬ್ಬರು ನೆಂಟರ ಗೃಹಪ್ರವೇಶಕ್ಕೆ ಬರುವವರಿದ್ದರು. ಹೆಲಿಕಾಪ್ಟರ್ ಗಂಡನದು, ಹಾರಿಸುವವರೂ ಅವರೇ. ಇನ್ನು ಹತ್ತು ನಿಮಿಷ ಅಂದರು. ಸರಿ ಅಂತ ಹೇಳಿ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಾತಾಡುವ ಗುಂಡಿ ಬೆಲ್ಟಿನಡಿ ಒತ್ತಿಕೊಂಡದ್ದು ಗೊತ್ತಾಗಲಿಲ್ಲ. ಅದು ಒತ್ತಿರುವಷ್ಟು ಹೊತ್ತು ನನ್ನ ಮಾತೆಲ್ಲ ಮೇಲಿರುವ ಇಬ್ಬರ ಕಿವಿಗೂ ಹೋಗುತ್ತದೆ, ಮೇಲಿನದು ನನಗೆ ಕೇಳುವುದಿಲ್ಲ.

ಶಾಮಿಯಾನ ಕಟ್ಟುತ್ತಿದ್ದ ಭಾಯ್ ಪಕ್ಕದಲ್ಲಿದ್ದರು. ಪೈಲಟ್ ಹೆಂಗೆ ಅಂತ ಕೇಳಿದರು.

"ನನಗೇನೋ ಅನುಮಾನ ಐತೆ ಭಾಯ್," ಅಂದೆ. "ಗಾಳಿ ಯಾವ ಕಡೆ ಅಂತ ಮೂರು ಸಲ ಕೇಳ್ತಾರೆ. ಹೋದ ಸಲ ದಾರಿ ತಪ್ಪಿ ತ್ಯಾವಣಿಗೆ ಮೇಲೆ ಎರಡು ಸುತ್ತು ಹೊಡೆದು, ಊರು ತೋರಿಸಾಕೆ ಹೋಗಿದ್ದೆ ಅಂದ್ರು. ಸರಿಯಾಗಿ ಕಲಿತಿದ್ದಾರೋ ಇಲ್ವೋ."

ಹಾಗಾದರೆ ಒಮ್ಮೆ ಕೂಗಿ ನೋಡಿ ಅಂದರು ಭಾಯ್, ಗಾಬರಿಯಿಂದ. ಏನು ಕೂಗುವುದು, ಆಗಿನಿಂದ ಸದ್ದೇ ಇಲ್ಲ, ಮತ್ತೆ ದಾರಿ ತಪ್ಪಿರಬೇಕು ಅಂದೆ.

ಹೆಲಿಕಾಪ್ಟರ್ ಗುರುತು ಹಾಕಿದ ಜಾಗದ ಮಧ್ಯಕ್ಕೇ ಇಳಿಯಿತು. ಹಾರಿಸಿಕೊಂಡು ಬಂದ ಯಜಮಾನರ ಮುಖ ಕೆಂಪಗಾಗಿತ್ತು. ನನ್ನ ಸೊಂಟದತ್ತ ಬೆರಳು ತೋರಿಸಿ, "ಗುಂಡಿ" ಅಂದರು. ಅಷ್ಟೇ. ಕೆಲಸ ಹೋಯಿತು ಅಂದುಕೊಂಡೆ.

ಊಟವಾದ ಮೇಲೆ ಅವರ ಹೆಂಡತಿ ಚೀಲ ಹಿಡಿದು ನನ್ನ ಹತ್ತಿರ ಬಂದು, ದಾವಣಗೆರೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದರು. ಅಮ್ಮಾ, ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರ ಜೊತೆಗೇ ಹೋಗಿ ಅಂತ ಕೈಮುಗಿದೆ.

"ನೀವೇನೂ ಹೆದರಬೇಡ್ರಿ," ಅಂದರು ಆ ತಾಯಿ. "ಇಷ್ಟು ದಿನ ಈ ಅನುಮಾನ ನನಗೊಬ್ಬಳಿಗೇ ಐತೆ ಅಂತ ಸುಮ್ನೆ ಕೂತ್ಕೊಂಡು ಬರ್ತಿದ್ದೆ."